ಉರಿ ಇಳಿದ ಮೇಲೆ ಉಳಿಯುವ ರುಚಿ: ಹಾಟ್ ಸಾಸ್ ಆರಿಸುವುದು, ಮಾಡುವುದು

ಹೊಸ ಹಾಟ್ ಸಾಸ್ ತಂದ ದಿನ ನಾನು ಮೊದಲು ಒಂದು ಮೊಟ್ಟೆ ಬೇಯಿಸಿಕೊಳ್ಳುತ್ತೇನೆ. ಉಪ್ಪು ಹಾಕುವುದಿಲ್ಲ. ನಾಲ್ಕು ಹೋಳು ಮಾಡಿ, ಒಂದರ ಮೇಲೆ ಎರಡೇ ಹನಿ ಸಾಸ್ ಬಿಟ್ಟು ನಿಧಾನವಾಗಿ ಅಗಿಯುತ್ತೇನೆ. ಹುಳಿ ಮುಂದೆ ಬರುತ್ತದೆ, ಬೆನ್ನಿಗೇ ಉಪ್ಪು, ಆಮೇಲೆ ಮೆಣಸಿನಕಾಯಿಯ ಸ್ವಂತ ರುಚಿ, ಕಡೆಗೆ ಉರಿ. ಉರಿ ಇಳಿಯುವವರೆಗೆ ಏನೂ ಕುಡಿಯದೆ ಕಾಯುತ್ತೇನೆ. ಇಳಿದ ಮೇಲೂ ಬಾಯಲ್ಲಿ ಹಣ್ಣಿನದೋ ಹೊಗೆಯದೋ ಬೆಳ್ಳುಳ್ಳಿಯದೋ ನೆನಪು ನಿಂತಿದ್ದು, ಕೈ ತಾನಾಗಿ ಎರಡನೆಯ ಹೋಳಿಗೆ ಹೋದರೆ ಆ ಬಾಟಲಿಗೆ ನನ್ನ ಫ್ರಿಜ್ಜಿನ ಬಾಗಿಲಲ್ಲಿ ಜಾಗ ಉಂಟು. ಬರೀ ಉರಿದು ಹೋಯಿತೆಂದರೆ ಅದು ಎಷ್ಟೇ ಹೆಸರುವಾಸಿಯಾಗಿದ್ದರೂ ನನಗೆ ಬೇಡ.

ಮೊಟ್ಟೆಯೇ ಏಕೆಂದರೆ, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಮೊಟ್ಟೆಯ ಹಳದಿ ಅದನ್ನು ಸ್ವಲ್ಪ ಹಿಡಿದಿಟ್ಟು, ಉಳಿದ ರುಚಿಗಳು ಕಾಣಲು ಅವಕಾಶ ಕೊಡುತ್ತದೆ. ಬಾಯಿ ಉರಿದಾಗ ನೀರಿಗಿಂತ ಹಾಲು ಮೇಲು ಎನ್ನುವುದಕ್ಕೂ ಇದೇ ಕಾರಣ. ಹಾಲಿನ ಕೊಬ್ಬಿನ ಜೊತೆಗೆ ಅದರ ಕೇಸೀನ್ ಎಂಬ ಪ್ರೋಟೀನ್ ಕೂಡ ಕ್ಯಾಪ್ಸೈಸಿನ್ನನ್ನು ನಾಲಿಗೆಯಿಂದ ಬಿಡಿಸುತ್ತದೆ.

ಕೊಳ್ಳುವ ಮುಂಚೆ ಬಾಟಲಿಯ ಹಿಂಬದಿ ಓದಿ. ಪದಾರ್ಥಗಳನ್ನು ಸಾಮಾನ್ಯವಾಗಿ ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಎರಡು ಹೆಸರುಗಳಲ್ಲಿ ಮೆಣಸಿನಕಾಯಿ ಇಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಬಣ್ಣದ ವಿನೆಗರ್ ಅಥವಾ ಸಕ್ಕರೆ ಪಾಕ. ಕ್ಸಾಂಥನ್ ಗಮ್ ಇದ್ದರೆ ಹೆದರಬೇಡಿ, ಅದು ಸಾಸ್ ಒಡೆದು ನೀರಾಗದಂತೆ ಹಿಡಿಯುವ ಪುಡಿ ಅಷ್ಟೆ. ಹೆದರಬೇಕಾದದ್ದು ‘ಪೆಪ್ಪರ್ ಎಕ್ಸ್‌ಟ್ರ್ಯಾಕ್ಟ್’ ಎಂಬ ಪದಕ್ಕೆ. ಮೆಣಸಿನಕಾಯಿಯಿಂದ ಖಾರವನ್ನಷ್ಟೇ ಬಸಿದು ತೆಗೆದ ಸಾರ ಅದು. ಅಂಥದ್ದೊಂದು ಬಾಟಲಿ ತಂದು ಒಂದೇ ಹನಿ ನೋಡಿದ್ದೆ. ಅರ್ಧ ಗಂಟೆ ಗಂಟಲು ಕಹಿಯಾಗಿ, ಆ ದಿನ ಮತ್ತೇನನ್ನೂ ರುಚಿ ನೋಡಲಾಗಲಿಲ್ಲ.

ಖಾರದ ಅಳತೆಯಾದ ಸ್ಕೋವಿಲ್ ಅಂಕಿಯನ್ನು ಎಚ್ಚರಿಕೆಯ ಫಲಕದಂತೆ ಓದಿ, ಬಹುಮಾನದಂತೆ ಅಲ್ಲ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಔಷಧ ತಜ್ಞರು ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತಾ, ಖಾರ ಗೊತ್ತಾಗದಂತಾಗಲು ಎಷ್ಟು ಪಟ್ಟು ನೀರು ಬೇಕು ಎಂದು ಲೆಕ್ಕ ಹಾಕಿದರು. ಈಗ ಅದನ್ನು ಯಂತ್ರದಲ್ಲಿ ಅಳೆಯುತ್ತಾರೆ. ಹಲಪೆನ್ಯೋ ಎಂಬ ಮೆಣಸಿನಕಾಯಿ 2,500ರಿಂದ 8,000. ಹಬನೇರೊ ಎಂಬ ಕಾಯಿ ಒಂದು ಲಕ್ಷದಿಂದ ಮೂರೂವರೆ ಲಕ್ಷ. 2023ರಲ್ಲಿ ಅತಿ ಖಾರದ ಮೆಣಸಿನಕಾಯಿ ಎಂದು ಗಿನ್ನೆಸ್ ದಾಖಲೆ ಬರೆದ ಪೆಪ್ಪರ್ ಎಕ್ಸ್ ಸರಾಸರಿ 26.93 ಲಕ್ಷ. ದಿನನಿತ್ಯದ ಊಟಕ್ಕೆ ಮೊದಲ ಎರಡು ಮೆಟ್ಟಿಲು ಧಾರಾಳವಾಗಿ ಸಾಕು.

ಈಗ ನನ್ನ ಬಾಟಲಿಗಳು. ಟಬಾಸ್ಕೊದಲ್ಲಿ ಮೂರೇ ಪದಾರ್ಥ: ಮೆಣಸಿನಕಾಯಿ, ಉಪ್ಪು, ವಿನೆಗರ್. 1868ರಿಂದ ಅಮೆರಿಕದ ಲೂಸಿಯಾನಾದ ಏವರಿ ಐಲೆಂಡ್‌ನಲ್ಲಿ ಇದು ತಯಾರಾಗುತ್ತಿದೆ. ಅರೆದ ಕಾಯಿಯನ್ನು ಓಕ್ ಪೀಪಾಯಿಗಳಲ್ಲಿ ತುಂಬಿ, ಮುಚ್ಚಳದ ಮೇಲೆ ಉಪ್ಪು ಹರಡಿ ಮೂರು ವರ್ಷದವರೆಗೆ ಹುದುಗಲು ಬಿಡುತ್ತಾರೆ. ನೀರಿನಂತೆ ತೆಳು, ಹುಳಿ ಚುರುಕು. ಆದ್ದರಿಂದ ಜಿಡ್ಡಿರುವ ತಿನಿಸಿಗೆ, ಸೂಪಿಗೆ, ಚೀಸ್‌ಗೆ ಇದು ಹೇಳಿ ಮಾಡಿಸಿದ್ದು; ನಿಂಬೆಹಣ್ಣು ಹಿಂಡುವ ಜಾಗದಲ್ಲೆಲ್ಲ ಇದನ್ನು ಹಾಕಿ ನೋಡಿ. ಮೊದಲೇ ಹುಳಿಯಿರುವ ಅಡುಗೆಗೆ ಮಾತ್ರ ಬೇಡ.

ಶ್ರೀರಾಚಾ ಇದಕ್ಕೆ ಪೂರ್ತಿ ಎದುರು. ಹೆಸರು ಥಾಯ್ಲೆಂಡಿನ ಕರಾವಳಿ ಪಟ್ಟಣದ್ದು, ಹುಂಜದ ಚಿತ್ರದ ಹಸಿರು ಮುಚ್ಚಳದ ಬಾಟಲಿ ಮಾತ್ರ ವಿಯೆಟ್ನಾಂನಿಂದ ವಲಸೆ ಹೋದ ಡೇವಿಡ್ ಟ್ರಾನ್ 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರು ಮಾಡಿದ ಕಂಪನಿಯದು. ಹಣ್ಣಾದ ಕೆಂಪು ಹಲಪೆನ್ಯೋ, ಸಕ್ಕರೆ, ಬೆಳ್ಳುಳ್ಳಿ. ಗಟ್ಟಿಯಾದ್ದರಿಂದ ಹಾಕಿದ ಜಾಗದಲ್ಲೇ ನಿಲ್ಲುತ್ತದೆ. ನೂಡಲ್ಸ್‌ಗೂ ಅನ್ನಕ್ಕೂ ನನ್ನ ಮೊದಲ ಆಯ್ಕೆ. ಒಲೆಯ ಮೇಲೆ ಕುದಿಸಿದರೆ ಬೆಳ್ಳುಳ್ಳಿಯ ಹಸಿ ಘಮ ಹಾರಿಹೋಗುತ್ತದೆ, ಇಳಿಸಿದ ಮೇಲೆ ಹಾಕಿ.

ಹಬನೇರೊ ಸಾಸ್‌ನ ಖಾರಕ್ಕೆ ಹೆದರಿ ದೂರ ಇಡುವವರಿಗೆ ನಾನು ಹೇಳುವುದು: ಮುಚ್ಚಳ ತೆಗೆದು ಮೂಸಿ ನೋಡಿ. ಮಾಗಿದ ಏಪ್ರಿಕಾಟ್ ಹಣ್ಣಿನ ವಾಸನೆ. ಆ ಪರಿಮಳ ಬೇರೆ ಕಾಯಿಗೆ ಸುಲಭವಾಗಿ ಸಿಗುವುದಿಲ್ಲ. ಕ್ಯಾರೆಟ್ ಸೇರಿಸಿ ಅರೆದದ್ದನ್ನು ಆರಿಸಿಕೊಳ್ಳಿ, ಕ್ಯಾರೆಟ್ಟಿನ ಸಿಹಿ ಉರಿಯ ಅಂಚನ್ನು ಮೆದುಗೊಳಿಸುತ್ತದೆ. ಮೀನಿಗೆ, ಕಪ್ಪು ಬೀನ್ಸ್‌ಗೆ ಮೂರು ಹನಿ ಸಾಕು. ಟುನೀಶಿಯಾದ ಹರೀಸಾ ಎನ್ನುವುದು ಸಾಸ್ ಎನ್ನುವುದಕ್ಕಿಂತ ಹೆಚ್ಚಾಗಿ ಮುದ್ದೆ; ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಜೀರಿಗೆಯಂತೆ ಕಾಣುವ ಕ್ಯಾರವೇ ಬೀಜ ಅರೆದು ಆಲಿವ್ ಎಣ್ಣೆಯಲ್ಲಿ ಇಟ್ಟದ್ದು. ಬೇಯಿಸಿದ ತರಕಾರಿಗೆ ಹಚ್ಚಿ.

ಇಷ್ಟು ರುಚಿ ನೋಡಿದ ಮೇಲೆ ಒಂದು ಬಾಟಲಿಯನ್ನಾದರೂ ನೀವೇ ಮಾಡಿ. ಹಣ್ಣಾದ ಕೆಂಪು ಮೆಣಸಿನಕಾಯಿ 300 ಗ್ರಾಂ, ಒಂದು ಕ್ಯಾರೆಟ್, ಆರು ಎಸಳು ಬೆಳ್ಳುಳ್ಳಿ. ಕೈಗವಸು ಹಾಕಿಕೊಂಡು ತೊಟ್ಟು ತೆಗೆದು ಹೆಚ್ಚಿ. ಖಾರ ತಗ್ಗಿಸಬೇಕೆಂದರೆ ಬೀಜ ಉದುರಿಸಿದರೆ ಸಾಲದು, ಬೀಜ ಅಂಟಿಕೊಂಡಿರುವ ಬಿಳಿ ತಿರುಳನ್ನು ಕೆರೆದು ತೆಗೆಯಿರಿ. ಕ್ಯಾಪ್ಸೈಸಿನ್ ಹುಟ್ಟುವುದು ಅಲ್ಲಿ. ಗಾಜಿನ ಜಾಡಿಗೆ ತುಂಬಿ ಮುಳುಗುವಷ್ಟು ನೀರು ಹಾಕಿ, ಜಾಡಿಯ ತೂಕ ಕಳೆದು ನೀರು ತರಕಾರಿ ಎರಡನ್ನೂ ಸೇರಿಸಿ ತೂಗಿ. 700 ಗ್ರಾಂ ಬಂದರೆ ಅದರ ಶೇ 3ರಷ್ಟು, ಅಂದರೆ 21 ಗ್ರಾಂ ಉಪ್ಪು. ಚಮಚದ ಲೆಕ್ಕ ನಂಬಬೇಡಿ, ಕಲ್ಲುಪ್ಪು ಮತ್ತು ಪುಡಿ ಉಪ್ಪಿನ ತೂಕ ಒಂದೇ ಅಲ್ಲ. ಉಪ್ಪು ಪೂರ್ತಿ ಕರಗಲಿ.

ಚೂರುಗಳು ನೀರಿನ ಮೇಲೆ ತೇಲದಂತೆ ಒಂದು ಸಣ್ಣ ಗಾಜಿನ ತಟ್ಟೆಯ ಭಾರ ಇಟ್ಟು, ಮುಚ್ಚಳ ಸಡಿಲವಾಗಿ ಹಾಕಿ, ಬಿಸಿಲು ಬೀಳದ ಕಡೆ ಇಡಿ. ಎರಡು ಮೂರು ದಿನದಲ್ಲಿ ನೀರು ಮಂಜಾಗಿ, ಚೂರುಗಳ ನಡುವಿನಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಏಳತೊಡಗುತ್ತವೆ. ಕಿವಿ ಹತ್ತಿರ ತಂದರೆ ಸಣ್ಣ ಸದ್ದು ಕೇಳಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಹಸಿ ಘಾಟು ಹೋಗಿ ಹಿತವಾದ ಹುಳಿ ವಾಸನೆ ಬರುತ್ತದೆ. ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ತೆಗೆದುಹಾಕಿ ಮುಂದುವರಿಯಬಹುದು. ಹಸಿರೋ ಕಪ್ಪೋ ಬಣ್ಣದ, ರೋಮದಂಥ ಬೂಷ್ಟು ಬಂದರೆ ಮರುಕವಿಲ್ಲದೆ ಇಡೀ ಜಾಡಿ ಚೆಲ್ಲಿ.

ಎರಡರಿಂದ ಮೂರು ವಾರಕ್ಕೆ ಸೋಸಿ, ಉಪ್ಪುನೀರನ್ನು ಎತ್ತಿಟ್ಟುಕೊಳ್ಳಿ. ಕಿಟಕಿ ತೆರೆದು ಮಿಕ್ಸಿಯಲ್ಲಿ ನುಣ್ಣಗೆ ಅರೆಯುತ್ತಾ ಬೇಕಾದಷ್ಟು ಆ ನೀರನ್ನೂ ಎರಡು ಮೂರು ಚಮಚ ವಿನೆಗರನ್ನೂ ಸೇರಿಸಿ. ಆಮ್ಲ ಅಳೆಯುವ ಪಿಎಚ್ ಪಟ್ಟಿ ಇಟ್ಟುಕೊಳ್ಳುವುದು ಕ್ಷೇಮ, ಅಂಕಿ 4.6ಕ್ಕಿಂತ ಕೆಳಗೆ ಇರಲೇಬೇಕು, ನಾನು 4 ದಾಟಲು ಬಿಡುವುದಿಲ್ಲ. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ನನ್ನ ಮೊದಲ ಬಾಟಲಿಗೆ ಈ ಕೆಲಸ ಬಿಟ್ಟಿದ್ದೆ. ಒಳಗೆ ಹುದುಗುವಿಕೆ ಮುಂದುವರಿದು, ಮುಚ್ಚಳ ತಿರುಗಿಸಿದ್ದೇ ತಡ ಸಾಸ್ ಗೋಡೆಗೆ ಚಿಮ್ಮಿತು. ಆರಿದ ಮೇಲೆ ತೊಳೆದು ಒಣಗಿಸಿದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಬಿಸಿಯಲ್ಲಿ ರುಚಿ ನೋಡಿ ಉಪ್ಪು, ಹುಳಿ ತಿದ್ದಬೇಡಿ. ಒಂದು ವಾರ ಬಿಟ್ಟು ನೋಡಿದರೆ ವಿನೆಗರಿನ ಚೂಪು ಕಡಿಮೆಯಾಗಿ ಬೆಳ್ಳುಳ್ಳಿ ಮೇಲೆದ್ದಿರುತ್ತದೆ.

ತೆಳು ಸಾಸ್ ಬೇಕೆಂದು ಜರಡಿ ಹಿಡಿದರೆ ಕೆಂಪು ಚರಟ ಉಳಿಯುತ್ತದಲ್ಲ, ಅದನ್ನು ಎಸೆಯಬೇಡಿ. ತಟ್ಟೆಗೆ ತೆಳ್ಳಗೆ ಹರಡಿ ಗರಿಗರಿಯಾಗುವವರೆಗೆ ಒಣಗಿಸಿ, ಅಷ್ಟೇ ತೂಕದ ಉಪ್ಪಿನೊಂದಿಗೆ ಪುಡಿ ಮಾಡಿ. ಮೊಟ್ಟೆಯ ಉಳಿದ ಹೋಳುಗಳಿಗೆ ನಾನು ಉದುರಿಸುವುದು ಅದನ್ನೇ.