ರೇಡಿಯಂ ಅಂಗಡಿಯ ಪ್ಲಾಟರ್‌ನಲ್ಲಿ ಬ್ಲಡ್ ಗ್ರೂಪ್ ಚಿಪ್: ನನ್ನ ಅನುಭವ

ಇಲ್ಲಿ ಚಿಪ್ ಅಂದ್ರೆ ಒಂದು ಹನಿ ರಕ್ತ ಹರಿಸಿ ಬ್ಲಡ್ ಗ್ರೂಪ್ ನೋಡುವ, ಸಣ್ಣ ಕಾಲುವೆಗಳಿರುವ ಪ್ಲಾಸ್ಟಿಕ್ ತುಂಡು. ಇದಕ್ಕೆ ಪಿಡಿಎಂಎಸ್ (ಒಂದು ಬಗೆಯ ಸಿಲಿಕೋನ್ ರಬ್ಬರ್), ಅದರ ಮೇಲ್ಮೈ ಹದ ಮಾಡುವ ಪ್ಲಾಸ್ಮಾ ಮೆಷಿನ್, ಧೂಳಿಲ್ಲದ ಕ್ಲೀನ್ ರೂಮ್ ಇರಲೇಬೇಕು ಅಂದವರೇ ಜಾಸ್ತಿ. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೈಕಿಗೆ ಸ್ಟಿಕರ್ ಕತ್ತರಿಸುವ ರೇಡಿಯಂ ಅಂಗಡಿಯ ಪ್ಲಾಟರ್‌ನಲ್ಲೇ ಮಾಡಿದೆ. ಈಗ ಚೆನ್ನಾಗಿ ನಡೆಯುತ್ತಿದೆ. ಆಂಟಿಸೀರಾ (ಗ್ರೂಪ್ ಪತ್ತೆ ಮಾಡುವ ಪ್ರತಿಕಾಯದ ದ್ರವ) ಸೇರಿ ಒಂದಕ್ಕೆ ಹದಿನಾಲ್ಕು, ಹದಿನೈದು ರೂಪಾಯಿ ಬೀಳುತ್ತದೆ.

ಎರಡು ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ನಡುವೆ 0.1 ಮಿ.ಮೀ. ದಪ್ಪದ ಡಬಲ್ ಸೈಡ್ ಟೇಪ್. ಟೇಪಿನಲ್ಲಿ 1 ಮಿ.ಮೀ. ಅಗಲ, 3 ಸೆಂ.ಮೀ. ಉದ್ದದ ಮೂರು ಕಾಲುವೆ. ಒಂದೊಂದೂ ಹಿಡಿಯೋದು 3 ಮೈಕ್ರೊಲೀಟರ್, ಹಾಗಾಗಿ ಬೆರಳು ಚುಚ್ಚಿದ ಒಂದು ಹನಿ ಮೂರಕ್ಕೂ ಸಾಕು. ಆಂಟಿ-ಎ, ಆಂಟಿ-ಬಿ, ಆಂಟಿ-ಡಿ ಒಳಗೇ ಒಣಗಿಸಿಟ್ಟಿದ್ದೇನೆ. ರಕ್ತದ ಕಣದಲ್ಲಿ ಎ, ಬಿ ಅಥವಾ ಡಿ (ಪಾಸಿಟಿವ್, ನೆಗೆಟಿವ್ ಹೇಳುವುದು ಇದೇ) ಇದ್ದರೆ ಆಯಾ ಕಾಲುವೆಯಲ್ಲಿ ರಕ್ತ ಗಂಟು ಕಟ್ಟುತ್ತದೆ.

ಮೊದಮೊದಲು ರಕ್ತ ಒಳಗೇ ಹೋಗುತ್ತಿರಲಿಲ್ಲ, ಬಾಯಲ್ಲೇ ಗುಂಡಗೆ ಕೂತುಬಿಡುತ್ತಿತ್ತು. ಶೀಟಿಗೆ ನೀರು ಹತ್ತಲ್ಲ ಅಲ್ವಾ. ಸೋಪಿನಂಥ ಟ್ರೈಟಾನ್ ಎಕ್ಸ್-100 ಸವರಿದರೆ ಸರ್ರಂತ ಹರಿಯಿತು, ಆದರೆ ಕೆಂಪು ಕಣಗಳೇ ಒಡೆದು ಮೂರೂ ಕಾಲುವೆ ಒಂದೇ ಬಣ್ಣ. ಅದಕ್ಕಿಂತ ಸೌಮ್ಯವಾದ ಟ್ವೀನ್-20 ತೆಳ್ಳಗೆ ಸವರಿ ಒಣಗಿಸಿದ ಮೇಲೆ ಸರಿಹೋಯಿತು. ಎಷ್ಟು ತೆಳ್ಳಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ದುಡ್ಡು ತಿಂದದ್ದು ಟೇಪು ಮತ್ತು ಬ್ಲೇಡು. ಬ್ಲೇಡ್ ಸ್ವಲ್ಪ ಮೊಂಡಾದರೂ ಅಂಟು ಎಳೆಎಳೆಯಾಗಿ ಬಂದು ಕಾಲುವೆ ಮುಚ್ಚಿಕೊಳ್ಳುತ್ತದೆ. ಇಪ್ಪತ್ತು ಸಾವಿರದ ಹತ್ತಿರ ಹೋಗಿರಬೇಕು. ಕೊನೆಗೆ ಅಂಗಡಿಯ ಅಣ್ಣನೇ ಸ್ಪೀಡ್ ಇಳಿಸಿ, ಒಂದೇ ಗೆರೆಯನ್ನು ಹಗುರವಾಗಿ ಎರಡು ಸಲ ಕತ್ತರಿಸಿಕೊಟ್ಟರು. ಅಂಚು ನೀಟಾಗಿ ಬಂತು.

ನಡುವೆ ರಕ್ತದ ಪ್ಲಾಸ್ಮಾ (ಕಣ ಬಿಟ್ಟು ಉಳಿಯುವ ತಿಳಿ) ಬೇರೆ ಮಾಡುವ ಹುಚ್ಚೂ ಹತ್ತಿತ್ತು. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ 2017ರಲ್ಲಿ ತೋರಿಸಿದ ಪೇಪರ್‌ಫ್ಯೂಜ್ ಗೊತ್ತಲ್ಲ, ದಾರ ಎಳೆದು ಕಾಗದದ ಬಿಲ್ಲೆ ತಿರುಗಿಸೋದು, ನಿಮಿಷಕ್ಕೆ 1,25,000 ಸುತ್ತಿನವರೆಗೂ ಹೋಗುತ್ತದಂತೆ. ನನ್ನದು ಅಷ್ಟು ಓಡಲಿಲ್ಲ, ಆದರೂ ಕ್ಯಾಪಿಲರಿ ಅನ್ನುವ ತೆಳು ನಳಿಗೆಯಲ್ಲಿ ಹಳದಿ ಪ್ಲಾಸ್ಮಾ ಮೇಲೆ ನಿಂತದ್ದು ಕಣ್ಣಾರೆ ನೋಡಿದೆ. ಗ್ರೂಪಿಂಗ್‌ಗೆ ಅದು ಬೇಡ, ಬಿಟ್ಟೆ.

ಫಲಿತಾಂಶ ಓದೋದು ಕಾಲುವೆಯ ತುದಿಯಲ್ಲಿಟ್ಟ ಫಿಲ್ಟರ್ ಪೇಪರ್ ತುಂಡಿನಲ್ಲಿ. ಗಾಳಿ ಹೊರಗೆ ಹೋಗುವುದೂ ಅಲ್ಲಿಂದಲೇ, ಗುಳ್ಳೆಯ ಕಾಟ ಹಾಗೆ ತಪ್ಪಿತು. ರಕ್ತ ಗಂಟು ಕಟ್ಟಿದರೆ ಕಣಗಳು ಹಿಂದೆಯೇ ರವೆಯ ಹಾಗೆ ನಿಂತು, ಕಾಗದಕ್ಕೆ ತಿಳಿ ಮಾತ್ರ ಹತ್ತುತ್ತದೆ. ಗಂಟು ಕಟ್ಟದಿದ್ದರೆ ಕಾಗದ ಕೆಂಪಾಗುತ್ತದೆ. ಯಾವ ಗ್ರೇಡ್ ಕಾಗದ ಅಂತ ಈಗ ಹೇಳಲ್ಲ.

ನಮ್ಮ ಲ್ಯಾಬಿನಲ್ಲಿ ಉಳಿದ, ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ರಕ್ತದ ಸ್ಯಾಂಪಲ್ ನೂರಾರು ಓಡಿಸಿ, ಟ್ಯೂಬಿನಲ್ಲಿ ಬೆರೆಸಿ ನೋಡುವ ಟ್ಯೂಬ್ ಮೆಥಡ್ ಜೊತೆ ಹೋಲಿಸಿದೆ. ಎ, ಬಿ ಎಲ್ಲೂ ತಪ್ಪಲಿಲ್ಲ. ವೀಕ್ ಡಿ (ಡಿ ತೀರಾ ಕಡಿಮೆ ಇರುವ ರಕ್ತ) ಮಾತ್ರ ಇದರಲ್ಲಿ ನಂಬಬೇಡಿ. ಇದು ಕ್ಯಾಂಪಿಗೆ ಸರಿ, ರಕ್ತ ಏರಿಸುವ ಮುಂಚೆ ಟ್ಯೂಬ್, ಕ್ರಾಸ್‌ಮ್ಯಾಚ್ (ಕೊಡುವವರ, ಪಡೆಯುವವರ ರಕ್ತ ಹೊಂದುತ್ತದೆಯೇ ಅನ್ನೋ ಪರೀಕ್ಷೆ) ಆಗಲೇಬೇಕು.

ಜುಲೈ ಮಳೆಯಲ್ಲಿ ಬಿಚ್ಚಿಟ್ಟ ಚಿಪ್ ವಾರ ಬಾಳಲಿಲ್ಲ. ಜಿಪ್ ಕವರ್ ಪ್ರಯೋಜನವಿಲ್ಲ. ಅಲ್ಯೂಮಿನಿಯಂ ಪೌಚ್, ಒಳಗೆ ಸಿಲಿಕಾ ಜೆಲ್, ಮೇಲೆ ಹೀಟ್ ಸೀಲ್. ಅದಕ್ಕೆ ಇನ್ನೆರಡು ರೂಪಾಯಿ ಸೇರಿಸಿಕೊಳ್ಳಿ.