ಕಂದು ತಳದ ಮೇಲೆ ದೇವದೂತನ ಬೆರಳುಗಳು

ರೋಮಿನ ಸಾನ್ ಲುಯಿಜಿ ದೆಯಿ ಫ್ರಾಂಚೇಸಿ ಚರ್ಚಿನಲ್ಲಿರುವ ಇಟಲಿಯ ಚಿತ್ರಕಾರ ಕಾರವಾಜ್ಜೊನ 1602ರ ‘ಸಂತ ಮತ್ತಾಯನ ಪ್ರೇರಣೆ’ಯನ್ನು ಅರ್ಧ ಅಳತೆಯಲ್ಲಿ ನಕಲು ಮಾಡಲು ಹೊರಟು, ಕ್ಯಾನ್ವಾಸಿಗೆ ಮೊದಲು ಬಳಿಯುವ ಬಿಳಿ ಗೆಸ್ಸೋ ತಳವನ್ನು ಬಿಟ್ಟು ಕಡುಗಂದು ತಳದಿಂದಲೇ ಆರಂಭಿಸುತ್ತೇನೆ ಎಂದಾಗ ಜೊತೆಯ ಕಲಾವಿದರು ನಕ್ಕಿದ್ದರು. ವರ್ಷಗಳು ಕಳೆದಂತೆ ತಳವೇ ಮೇಲೆದ್ದು ಚಿತ್ರವನ್ನು ನುಂಗುತ್ತದೆ ಎಂಬ ಅವರ ಭಯ ಸುಳ್ಳಲ್ಲ; ಆದರೆ ಈ ಚಿತ್ರಕ್ಕೆ ಬೇರೆ ದಾರಿಯಿಲ್ಲವೆಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಇಲ್ಲಿ ಎಲ್ಲವೂ ದೂತನ ಕೈಗಳ ಮೇಲೆ ನಿಂತಿದೆ. ಬಿಳಿ ಬಟ್ಟೆಯ ಸುಳಿಯೊಳಗಿಂದ ಇಳಿದು ಬಂದ ಅವನು ಬೆರಳು ಹಿಡಿದು ಎಣಿಸುತ್ತಾನೆ. ಮೊಣಕಾಲನ್ನು ಸ್ಟೂಲಿಗೆ ಊರಿದ ಮತ್ತಾಯ ಲೇಖನಿ ಹಿಡಿದೇ ಮೇಲಕ್ಕೆ ತಿರುಗುತ್ತಾನೆ. ಮತ್ತಾಯ ಬರೆದನೆನ್ನುವ ಸುವಾರ್ತೆ ಯೇಸುವಿನ ವಂಶಾವಳಿಯಿಂದ ಆರಂಭವಾಗುವುದರಿಂದ, ಎಣಿಕೆಯಾಗುತ್ತಿರುವುದು ಪೂರ್ವಜರದ್ದೇ ಎಂದು ಹೇಳುವುದುಂಟು. ಬೆರಳುಗಳು ಬಿಡಿಬಿಡಿಯಾಗಿ ಕಾಣದಿದ್ದರೆ ಸಂದೇಶವೇ ತಲುಪದು. ಬಿಳಿ ತಳದ ಮೇಲೆ ಬೆರಳ ಸಂದುಗಳಿಗೆ ಅಂಬರ್ ಎಂಬ ಕಂದು ಮಣ್ಣಿನ ಬಣ್ಣ ತುಂಬಿದಾಗಲೆಲ್ಲ ಬೆರಳುಗಳು ಕತ್ತರಿಸಿ ಅಂಟಿಸಿದಂತೆ ಕಂಡವು. ಕಂದು ತಳದಲ್ಲಿ ಸಂದನ್ನು ಮುಟ್ಟಲೇ ಇಲ್ಲ. ಬೆಳಕು ಬಿದ್ದ ಗೆಣ್ಣು ಮತ್ತು ಉಗುರಿನಂಚಿಗೆ ಮಾತ್ರ ದಪ್ಪ ಬಣ್ಣವಿಟ್ಟು, ಅದರ ಅಂಚನ್ನು ಒಣ ಕುಂಚದಿಂದ ತಳದೊಳಕ್ಕೆ ಎಳೆದೆ. ಬೆಳಕು-ಕತ್ತಲಿನ ನಡುಛಾಯೆ ತಾನಾಗಿ ಹುಟ್ಟಿತು.

ದುಡ್ಡು ಹೋದದ್ದು ಬಿಳಿಯಲ್ಲಿ. ಅಗ್ಗವೆಂದು ಟೈಟಾನಿಯಂ ವೈಟ್ ಬಳಸಿದರೆ, ತೆಳುವಾಗಿ ಎಳೆದ ಕಡೆಯೆಲ್ಲ ಮೈ ನೀಲಿಗಟ್ಟಿ, ದೂತ ಚಳಿ ಹಿಡಿದವನಂತೆ ಕಂಡ. ಕೊನೆಗೆ ಸೀಸದ ಬಿಳಿ, ಅಂದರೆ ಲೆಡ್ ವೈಟ್ ತರಿಸಿದೆ. ಅದು ವಿಷ, ಕೈಗವಸು ಬೇಕೆಂದು ನಿಮಗೆ ಹೇಳಬೇಕಿಲ್ಲ. ಅದಕ್ಕೇ ಏಳೆಂಟು ಸಾವಿರ, ಲಿನನ್ ಕ್ಯಾನ್ವಾಸ್ ಸೇರಿ ಒಟ್ಟು ಇಪ್ಪತ್ತು ಸಾವಿರದ ಆಸುಪಾಸು ಖರ್ಚಾಗಿರಬೇಕು. ಮೂಲವನ್ನು ನೋಡಲು ಹೋದಾಗ ಅಲ್ಲಿನ, ನಾಣ್ಯ ಹಾಕಿದರೆ ಹೊತ್ತುವ ದೀಪಕ್ಕೆ ಸುರಿದ ಯೂರೊಗಳ ಲೆಕ್ಕವನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಬಟ್ಟೆಯ ಸುಳಿಗೆ ಹಳೆಯ ಪಂಚೆಯನ್ನು ಗಟ್ಟಿ ಗಂಜಿಯಲ್ಲಿ ಅದ್ದಿ, ತಂತಿಯ ಮೇಲೆ ಒಣಗಿಸಿ, ಒಂದೇ ದೀಪ ಹಚ್ಚಿ ಬರೆದೆ. ಕಾರವಾಜ್ಜೊನ ಹಲವು ಕ್ಯಾನ್ವಾಸ್‌ಗಳಲ್ಲಿರುವಂತೆ ಹಸಿ ತಳದಲ್ಲೇ ಗೆರೆ ಕೊರೆದುಕೊಂಡದ್ದರಿಂದ ಪೆನ್ಸಿಲ್ ಬೇಕಾಗಲಿಲ್ಲ. ತಳಕ್ಕೆ ಹಾಕಿದ್ದು ಅಂಬರ್, ಕೆಂಪು ಓಕರ್ (ಕೆಮ್ಮಣ್ಣಿನ ಬಣ್ಣ), ಚೂರು ಕಪ್ಪು. ಎಣ್ಣೆಯ ಪ್ರಮಾಣ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈಹಾಕಿದೆ. ಇದೇ ವಿಷಯದ ಮೊದಲ ಆವೃತ್ತಿಯಲ್ಲಿ ದೂತ ಸಂತನ ಕೈ ಹಿಡಿದೇ ಬರೆಸುತ್ತಾನೆ. ಅದು 1945ರಲ್ಲಿ ಬರ್ಲಿನ್ನಿನಲ್ಲಿ ನಾಶವಾಗಿ, ಕಪ್ಪು-ಬಿಳುಪು ಫೋಟೋಗಳಲ್ಲಿ ಉಳಿದಿದೆ. ಆ ಎರಡು ಕೈಗಳನ್ನಷ್ಟೇ ಕಂದು ಮತ್ತು ಬಿಳಿಯಲ್ಲಿ ಬರೆದೆ. ಅಲ್ಲಿ ಸಂದೇಶ ಸ್ಪರ್ಶದಿಂದಲೇ ದಾಟುವುದರಿಂದ ಸಂದುಗಳ ಕಾಟವಿರಲಿಲ್ಲ, ಬೇಗ ಮುಗಿಯಿತು. ಮೊದಲು ಮಾರಾಟವಾದದ್ದು ಅದೇ. ಲೆಡ್ ವೈಟಿನ ಖರ್ಚು ಹುಟ್ಟಿತು.