ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಮಕ್ಕಳ ಟ್ಯಾಕ್ಸ್ ಕ್ರೆಡಿಟ್ ಲೆಕ್ಕ

ಪ್ರತಿ ವರ್ಷ ಸಂಘದ ಯುಗಾದಿ ಊಟದಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ನಮಗೆ ಇಬ್ಬರು ಮಕ್ಕಳು, ಎಷ್ಟು ವಾಪಸ್ ಬರುತ್ತೆ?" ಪಕ್ಕದಲ್ಲಿ ಕೂತ ಹಳಬರು ಕೋಸಂಬರಿ ತಿನ್ನುತ್ತಲೇ ಒಂದು ಮೊತ್ತ ಹೇಳಿಬಿಡುತ್ತಾರೆ. ಅದು ಅವರ ಮಕ್ಕಳಿಗೆ ಸರಿ ಇರುತ್ತದೆ, ನಿಮ್ಮ ಮಕ್ಕಳಿಗೆ ಅಲ್ಲ. ಹಾಗಾಗಿ ಇದನ್ನು ಬರೆದಿಟ್ಟಿದ್ದೇವೆ.

ಮೊದಲು ಕ್ರೆಡಿಟ್ ಅಂದರೆ ಏನು ಅಂತ ನೋಡೋಣ. ಊರಲ್ಲಿ 80ಸಿ ಕೆಳಗೆ ಮಕ್ಕಳ ಟ್ಯೂಷನ್ ಫೀ ತೋರಿಸುತ್ತಿದ್ದೆವಲ್ಲ, ಅದು ಆದಾಯದಲ್ಲಿ ಕಳೆಯುವ ಲೆಕ್ಕ. ಕ್ರೆಡಿಟ್ ಹಾಗಲ್ಲ. ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ಕಳೆಯುತ್ತದೆ. 500 ಡಾಲರ್ ಕ್ರೆಡಿಟ್ ಅಂದರೆ 500 ಡಾಲರ್ ತೆರಿಗೆ ಕಮ್ಮಿ, ಅಷ್ಟೇ.

ಇನ್ನು ಮುಖ್ಯ ವಿಷಯ. ಎಷ್ಟು ಸಿಗುತ್ತದೆ ಅನ್ನುವುದು ನಿಮ್ಮ ಸಂಬಳಕ್ಕಿಂತ ಜಾಸ್ತಿ ಮಗುವಿನ ನಂಬರ್ ಮೇಲೆ ನಿಂತಿದೆ. ಮಗುವಿಗೆ ಕೆಲಸಕ್ಕೆ ಅರ್ಹವಾದ ಸೋಶಿಯಲ್ ಸೆಕ್ಯುರಿಟಿ ನಂಬರ್ ಇದ್ದು, ವರ್ಷದ ಕೊನೆಯ ದಿನಕ್ಕೆ 17 ತುಂಬಿರದಿದ್ದರೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್. 2025ರ ತೆರಿಗೆ ವರ್ಷಕ್ಕೆ ಅದು ಒಂದು ಮಗುವಿಗೆ 2,200 ಡಾಲರ್. ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮೇಲೆ ಬಂದ ಮಗುವಿಗೆ ಆ ನಂಬರ್ ಕೊಡುವುದಿಲ್ಲ, ಐಟಿನ್ ಮಾತ್ರ, ಅಂದರೆ ತೆರಿಗೆ ಲೆಕ್ಕಕ್ಕೆ ಅಂತಲೇ ಕೊಡುವ ನಂಬರ್. ಐಟಿನ್ ಇರುವ ಮಗುವಿಗೆ ಸಿಗುವುದು 'ಇತರ ಅವಲಂಬಿತರ' ಕ್ರೆಡಿಟ್, 500 ಡಾಲರ್. ಒಂದೇ ಮನೆ, ಒಂದೇ ಊಟ, ಆದರೆ ಬೆಂಗಳೂರಲ್ಲಿ ಹುಟ್ಟಿದ ದೊಡ್ಡವಳಿಗೆ 500, ನ್ಯೂಜೆರ್ಸಿಯಲ್ಲಿ ಹುಟ್ಟಿದ ಚಿಕ್ಕವನಿಗೆ 2,200. ಒಟ್ಟು 2,700. ನ್ಯಾಯವೋ ಅನ್ಯಾಯವೋ, ಕಾನೂನು ಹಾಗಿದೆ. ಹಳಬರ ಲೆಕ್ಕ ತಪ್ಪುವುದೂ ಇಲ್ಲೇ. 2017ರವರೆಗೆ ಇಲ್ಲಿ ವಾಸವಿದ್ದ ಐಟಿನ್ ಮಕ್ಕಳಿಗೂ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತಿತ್ತು, 2018ರಿಂದ ನಿಂತಿತು.

ತಂದೆ ತಾಯಿಯಲ್ಲಿ ಒಬ್ಬರಿಗಾದರೂ ಅಂಥದೇ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರಬೇಕು ಅನ್ನುವ ನಿಯಮ 2025ರಲ್ಲಿ ಸೇರಿತು. ಎಚ್-1ಬಿಯವರಿಗೆ ಹೇಗೂ ಇರುತ್ತದೆ, ತೊಂದರೆ ಇಲ್ಲ. ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಹಾಕಿದರೆ ಆದಾಯ 4 ಲಕ್ಷ ಡಾಲರ್ ದಾಟಿದ ಮೇಲೆ ಕ್ರೆಡಿಟ್ ಕರಗುತ್ತಾ ಹೋಗುತ್ತದೆ. ನಮ್ಮಲ್ಲಿ ಬಹಳ ಜನಕ್ಕೆ ಆ ಚಿಂತೆ ಇರಲ್ಲ ಬಿಡಿ.

ದಿನಾಂಕದ ವಿಷಯದಲ್ಲಿ ಮಾತ್ರ ಹುಷಾರು. ಮಗುವಿನ ಸೋಶಿಯಲ್ ಸೆಕ್ಯುರಿಟಿ ನಂಬರ್ ರಿಟರ್ನ್ ಗಡುವಿನೊಳಗೆ ಬಂದಿರಬೇಕು. ಆಮೇಲೆ ಬಂದರೆ ಹಿಂದಿನ ವರ್ಷದ ರಿಟರ್ನ್ ತಿದ್ದಿ 2,200 ಕೇಳಲು ಬರುವುದಿಲ್ಲ. ಆದರೆ ಗಡುವು ಅಂದರೆ ಎಕ್ಸ್‌ಟೆನ್ಶನ್ ಸೇರಿದ ಗಡುವು. ಗ್ರೀನ್ ಕಾರ್ಡ್ ಅರ್ಜಿಯ ಜೊತೆ ಮಗುವಿಗೂ ಇಎಡಿ (ಕೆಲಸದ ಅನುಮತಿ ಕಾರ್ಡ್) ಹಾಕಿದ್ದೀರಿ, ಅದು ಮಾರ್ಚ್‌ನಲ್ಲಿ ಬಂತು, ನಂಬರ್ ಏಪ್ರಿಲ್ 15ರೊಳಗೆ ಬರುತ್ತೋ ಇಲ್ಲವೋ ಅನ್ನುವ ಅನುಮಾನ ಇದೆ ಅಂತಿಟ್ಟುಕೊಳ್ಳಿ. ಆಗ ಸುಮ್ನೆ 4868 ಫಾರ್ಮ್ ಹಾಕಿ ಅಕ್ಟೋಬರ್ 15ರವರೆಗೆ ಸಮಯ ತೆಗೆದುಕೊಳ್ಳಿ. ತೆರಿಗೆ ಬಾಕಿ ಇದ್ದರೆ ಅದನ್ನು ಮಾತ್ರ ಏಪ್ರಿಲ್‌ನಲ್ಲೇ ಕಟ್ಟಬೇಕು. ಫಾರ್ಮ್ ಹಾಕಿದರೆ ಹಣ ಕಟ್ಟಲೂ ಸಮಯ ಸಿಗುತ್ತದೆ ಅಂದುಕೊಂಡು ಬಡ್ಡಿ ತೆತ್ತವರು ನಮ್ಮಲ್ಲೇ ಇದ್ದಾರೆ.

ಐಟಿನ್ ಬೇಕಾದವರು ಡಬ್ಲ್ಯೂ-7 ಫಾರ್ಮನ್ನು ರಿಟರ್ನ್ ಜೊತೆಗೇ, ಗಡುವಿನೊಳಗೇ ಕಳಿಸಬೇಕು. ಮಗುವಿನ ಅಸಲಿ ಪಾಸ್‌ಪೋರ್ಟ್ ಅಂಚೆಯಲ್ಲಿ ಕಳಿಸಬಹುದು, ಆದರೆ ಮೇ ತಿಂಗಳಲ್ಲಿ ಊರಿಗೆ ಹೋಗುವ ಟಿಕೆಟ್ ಮಾಡಿಸಿಟ್ಟವರು ದಯವಿಟ್ಟು ಆ ಕೆಲಸ ಮಾಡಬೇಡಿ. ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್ ಅಂತ ಇರುತ್ತಾರೆ. ಅವರು ಪಾಸ್‌ಪೋರ್ಟನ್ನು ಎದುರಿಗೇ ನೋಡಿ ದೃಢೀಕರಿಸಿ ವಾಪಸ್ ಕೊಡುತ್ತಾರೆ. ಸ್ವಲ್ಪ ದುಡ್ಡು ತೆಗೆದುಕೊಳ್ಳುತ್ತಾರೆ, ಕೊಟ್ಟರೆ ನಷ್ಟವಿಲ್ಲ. ಪಾಸ್‌ಪೋರ್ಟಿನಲ್ಲಿ ಅಮೆರಿಕಕ್ಕೆ ಬಂದ ದಿನದ ಮುದ್ರೆ ಇದೆಯೋ ನೋಡಿಕೊಳ್ಳಿ. ಇಲ್ಲದಿದ್ದರೆ ಶಾಲೆಯ ದಾಖಲೆ, ತೀರಾ ಚಿಕ್ಕ ಮಗುವಾದರೆ ಆಸ್ಪತ್ರೆಯ ದಾಖಲೆ ಜೊತೆಗಿರಲಿ. ಒಮ್ಮೆ ಬಂದ ಐಟಿನ್ ಸತತ ಮೂರು ವರ್ಷ ರಿಟರ್ನ್‌ನಲ್ಲಿ ಬಳಸದಿದ್ದರೆ ರದ್ದಾಗುತ್ತದೆ.

ಬಂದ ಮೊದಲ ವರ್ಷದ ಕಥೆಯೇ ಬೇರೆ. 500 ಡಾಲರ್ ಸಿಗಬೇಕಾದರೂ ಮಗು ತೆರಿಗೆ ಲೆಕ್ಕದಲ್ಲಿ ಇಲ್ಲಿನ ರೆಸಿಡೆಂಟ್ ಆಗಿರಬೇಕು. ಮೊದಲ ಸಲ ಬಂದ ಮಗುವಿಗೆ ಆ ವರ್ಷವೇ 183 ದಿನ ಆಗಬೇಕು ಅಂದರೆ ಜುಲೈ 2ರೊಳಗೆ ಬಂದು, ಆಮೇಲೆ ಇಲ್ಲೇ ಇರಬೇಕು. ಶಾಲೆ ಶುರುವಾಗುವ ಹೊತ್ತಿಗೆ ಅಂತ ಆಗಸ್ಟ್‌ನಲ್ಲಿ ಬಂದವರದ್ದು ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಹೆಂಡತಿಯನ್ನೋ ಗಂಡನನ್ನೋ ರೆಸಿಡೆಂಟ್ ಅಂತ ಆರಿಸಿಕೊಂಡು ಜಂಟಿ ರಿಟರ್ನ್ ಹಾಕುವ ದಾರಿ ಇದೆ, ಆದರೆ ಆ ಆಯ್ಕೆ ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಈ ಒಂದು ವರ್ಷಕ್ಕೆ ಮಾತ್ರ, ವೀಸಾದವರ ರಿಟರ್ನ್ ಮಾಡಿ ಗೊತ್ತಿರುವ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕರು) ಹತ್ತಿರ ಹೋಗಿ. ಎಲ್ಲ ಸಾಫ್ಟ್‌ವೇರ್‌ನಲ್ಲೇ ಮಾಡುತ್ತೇನೆ ಅನ್ನುವ ಹಟ ಬೇಡ.

ನಾನೇ ಮಾಡಿಕೊಂಡ ಎಡವಟ್ಟು ಒಂದು ಹೇಳಲೇಬೇಕು. ಹೊಸ ಕೆಲಸಕ್ಕೆ ಸೇರಿದಾಗ ಡಬ್ಲ್ಯೂ-4 ಕೊಟ್ಟರು, ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕು ಅಂತ ಹೇಳುವ ಫಾರ್ಮ್. ಮೂರನೇ ಹೆಜ್ಜೆಯಲ್ಲಿ ಮಕ್ಕಳು ಎಷ್ಟು ಅಂತ ಇತ್ತು. ಆಗ ಮೊತ್ತ 2,000 ಇತ್ತು, ಎರಡು ಮಕ್ಕಳು, 4,000 ಅಂತ ಬರೆದು ಖುಷಿಯಾಗಿ ಸಹಿ ಹಾಕಿದೆ. ಪ್ರತಿ ತಿಂಗಳು ಕೈಗೆ ಸ್ವಲ್ಪ ಜಾಸ್ತಿ ಬಂತು. ದೊಡ್ಡವಳದು ಐಟಿನ್, ಅವಳನ್ನು ಕೆಳಗಿನ 500ರ ಸಾಲಿಗೆ ಹಾಕಬೇಕಿತ್ತು ಅಂತ ಗೊತ್ತಾಗಿದ್ದು ಏಪ್ರಿಲ್‌ನಲ್ಲಿ. 1,500 ಡಾಲರ್ ಕಮ್ಮಿ ಬಿತ್ತು. ಹೆಂಡತಿ ಇವತ್ತಿಗೂ ನೆನಪಿಸುತ್ತಾಳೆ.

ಡೇಕೇರ್ ಖರ್ಚಿಗೆ ಬೇರೆಯದೇ ಕ್ರೆಡಿಟ್ ಇದೆ, 2441 ಫಾರ್ಮ್. ಮಗುವಿಗೆ 13 ತುಂಬಿರಬಾರದು. ಒಂದು ಮಗುವಿಗೆ 3,000, ಇಬ್ಬರು ಅಥವಾ ಹೆಚ್ಚಿದ್ದರೆ 6,000 ಡಾಲರ್‌ವರೆಗಿನ ಖರ್ಚು ಲೆಕ್ಕಕ್ಕೆ. ಅದರಲ್ಲಿ ಒಂದು ಪಾಲು ಮಾತ್ರ ಕ್ರೆಡಿಟ್. 2025ರವರೆಗೆ ನಮ್ಮ ಥರದ ಸಂಬಳದವರಿಗೆ ಅದು ಶೇಕಡಾ 20, 2026ರಿಂದ ಹಲವರಿಗೆ ಜಾಸ್ತಿ. ಆದರೆ ಗಂಡ ಹೆಂಡತಿ ಇಬ್ಬರಿಗೂ ದುಡಿಮೆ ಇರಬೇಕು, ಇಲ್ಲವೇ ಒಬ್ಬರು ಪೂರ್ಣಾವಧಿ ವಿದ್ಯಾರ್ಥಿ ಆಗಿರಬೇಕು. ಎಚ್-4 ಮೇಲೆ ಬಂದು, ಕೆಲಸ ಮಾಡಲು ಅನುಮತಿ ಇಲ್ಲದೆ ಮನೆಯಲ್ಲಿರುವ ತಾಯಂದಿರು ಇಂಗ್ಲಿಷ್ ರೂಢಿಯಾಗಲಿ ಅಂತ ಮಗುವನ್ನು ಪ್ರೀಸ್ಕೂಲಿಗೆ ಕಳಿಸುತ್ತಾರೆ, ತಿಂಗಳಿಗೆ ಸಾವಿರಗಟ್ಟಲೆ ಕಟ್ಟುತ್ತಾರೆ, ಅದರಲ್ಲಿ ಒಂದು ಪೈಸೆಯೂ ಇಲ್ಲಿ ಲೆಕ್ಕಕ್ಕೆ ಬರಲ್ಲ. ಬೇಸರದ ಮಾತೇ. ಅರ್ಹತೆ ಇರುವವರು ಡೇಕೇರ್‌ನ ಟ್ಯಾಕ್ಸ್ ನಂಬರ್ ಜನವರಿಯಲ್ಲೇ ಕೇಳಿ ಇಟ್ಟುಕೊಳ್ಳಿ. ಬೇಸಿಗೆಯ ಹಗಲಿನ ಕ್ಯಾಂಪ್ ಸೇರುತ್ತದೆ, ರಾತ್ರಿ ಉಳಿಯುವ ಕ್ಯಾಂಪ್ ಸೇರಲ್ಲ. ಸಂಜೆ ಒಂದು ಗಂಟೆಯ ಭರತನಾಟ್ಯ ಪಾಠವೂ ಇಲ್ಲ, ಆ ಪ್ರಶ್ನೆ ಬಂದಿದೆ.

ಇನ್ನೊಂದು ಪ್ರಶ್ನೆಯೂ ತಪ್ಪದೆ ಬರುತ್ತದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತೇವೆ, ಅವರನ್ನು ಅವಲಂಬಿತರು ಅಂತ ತೋರಿಸಬಹುದಾ? ಮೈಸೂರಲ್ಲೋ ಶಿವಮೊಗ್ಗದಲ್ಲೋ ಇರುವ ಭಾರತೀಯ ಪ್ರಜೆಗಳಾದರೆ ಆಗಲ್ಲ. ಬಾಣಂತನಕ್ಕೆ ಅಂತ ನಾಲ್ಕು ತಿಂಗಳು ಬಂದು ಹೋದ ಅಜ್ಜಿಗೂ ಆಗಲ್ಲ. ಅಜ್ಜಿ ಇದ್ದಾಗಲೇ ಹುಟ್ಟಿದ ಮೊಮ್ಮಗುವಿಗೆ ಮಾತ್ರ, ಡಿಸೆಂಬರ್ 31ರ ರಾತ್ರಿ ಹುಟ್ಟಿದರೂ, ಇಡೀ ವರ್ಷದ ಕ್ರೆಡಿಟ್ ಸಿಗುತ್ತದೆ. ಆಸ್ಪತ್ರೆಯಲ್ಲಿ ಜನನ ನೋಂದಣಿ ಫಾರ್ಮ್ ತುಂಬುವಾಗ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕು ಅನ್ನುವ ಕಡೆ ಗುರುತು ಹಾಕುವುದನ್ನು ಮರೆಯಬೇಡಿ.